ಬಟ್ಟಲಿಗೆ ಬೀಳದ ಎರಡು ಹಳದಿ

ಮೊಮ್ಮಗಳ ರೂಮಿನ ಬಾಗಿಲು ತೆಗೆದ ಕೂಡಲೇ ಆ ವಾಸನೆ ಬಂತು. ನೆನೆದ ಬಟ್ಟೆ, ಹಸಿ ಬಟಾಣಿ, ಅದರ ಹಿಂದೆ ಒಂಚೂರು ಹುಳಿ. ಮೂವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದವಳು ನಾನು, ಇನ್‌ಸ್ಪೆಕ್ಟರು ಬಂದರೂ ಅಳುಕಿದವಳಲ್ಲ. ಆವತ್ತು ಬೆಂಗಳೂರಿನ ಆ ಮೂರನೇ ಮಹಡಿಯಲ್ಲಿ ಬಾಗಿಲ ಚೌಕಟ್ಟು ಹಿಡಿದುಕೊಂಡು ನಿಂತೆ.

"ಯಾಕಜ್ಜಿ, ವಾಸನೇನಾ? ಮೂಗು ಮುಚ್ಕೋಬೇಡ, ಅದು ನನ್ನ ಪಿಎಚ್‌ಡಿ," ಅಂತ ವಾಣಿ ನಕ್ಕಳು. ಅವಳು ಓದುವುದು ಬಯೋಕೆಮಿಸ್ಟ್ರಿ. ಲ್ಯಾಬಿನಲ್ಲಿ ಮಾಡುವ ಕೆಲಸ ಸಾಲದು ಅಂತ ರೂಮಿನಲ್ಲೂ ಒದ್ದೆ ಬಟ್ಟೆಯ ಮೇಲೆ ಬಟಾಣಿ ಹರಡಿಕೊಂಡಿದ್ದಳು. ಒಂದೊಂದಕ್ಕೂ ಬಿಳಿ ಬಾಲ ಮೂಡಿತ್ತು. ನನಗೆ ಕಂಡಿದ್ದು ಆ ಬಟಾಣಿಯಲ್ಲ. ನಮ್ಮ ಮಾರೆಪ್ಪಣ್ಣನ ಮುಖ ಕಂಡಿತು, ಹುಬ್ಬಿಲ್ಲದ ಮುಖ.

ಆಗ ನಮ್ಮ ರಾಯದುರ್ಗ ಇನ್ನೂ ಬಳ್ಳಾರಿ ಜಿಲ್ಲೆಯಲ್ಲಿತ್ತು, ಜಿಲ್ಲೆ ಮದರಾಸಿನ ಕೈಯಲ್ಲಿತ್ತು. ಯುದ್ಧದ ಕಾಲ. ಬಳ್ಳಾರಿಯ ಮಿಲಿಟರಿ ಕ್ಯಾಂಪಿಗೆ ಎಷ್ಟು ಮೊಟ್ಟೆ ಕಳಿಸಿದರೂ ಸಾಲುತ್ತಿರಲಿಲ್ಲ. ನಮ್ಮಪ್ಪ ಕಣೇಕಲ್ಲು, ಹಿರೇಹಾಳು ಕಡೆಯ ಹಳ್ಳಿ ಸುತ್ತಿ ಮೊಟ್ಟೆ ಕೂಡಿಸಿ, ಬುಟ್ಟಿಯೊಳಗೆ ಹೊಟ್ಟು ಹಾಸಿ ಜೋಡಿಸಿ, ಬೆಳಗಿನ ರೈಲಿಗೆ ಹಾಕುತ್ತಿದ್ದ. ಜೋಡಿಸುವ ಮುಂಚೆ ಒಂದು ಪರೀಕ್ಷೆ ಇತ್ತು. ಎರಡು ಮೊಟ್ಟೆಗಳನ್ನು ಕಿವಿಯ ಹತ್ತಿರ ಹಿಡಿದು ಮೆಲ್ಲಗೆ ತಾಕಿಸುವುದು. ಠಣ್ ಅಂದರೆ ಗಟ್ಟಿ, ಟಪ್ ಅಂದರೆ ಕಣ್ಣಿಗೆ ಕಾಣದ ಬಿರುಕು. ಬಿರುಕಿನ ಮೊಟ್ಟೆ ರೈಲಿನ ಕುಲುಕಾಟ ತಾಳುವುದಿಲ್ಲ, ಮನೆಯಲ್ಲೇ ಉಳಿಯುತ್ತಿತ್ತು. ದಿನಕ್ಕೆ ಇಪ್ಪತ್ತಕ್ಕೆ ಕಮ್ಮಿ ಇಲ್ಲ.

ಆ ಇಪ್ಪತ್ತೂ ನಮ್ಮಣ್ಣನ ಹೊಟ್ಟೆಗೆ. ಅಣ್ಣ ಗರಡಿಯ ಹುಡುಗ, ಇಪ್ಪತ್ತೆರಡರ ಪ್ರಾಯ. ಅವನು ನಡೆದು ಬಂದರೆ ನಮ್ಮ ಮನೆ ಬಾಗಿಲು ಸಣ್ಣದಾಗುತ್ತಿತ್ತು. ಮಡಕಶಿರದ ನಮ್ಮ ಸೋದರತ್ತೆಯ ಮಗಳು ಚೆನ್ನಿಯನ್ನು ಅವನಿಗೇ ಅಂತ ಹೇಳಿಟ್ಟಿದ್ದರು, ವೈಶಾಖದಲ್ಲಿ ಮದುವೆ. ಅದಕ್ಕೆ ಮುಂಚೆ ಒಂದು ದೊಡ್ಡ ಕುಸ್ತಿ ಹಿಡಿಯಬೇಕು ಅಂತ ಅವನ ಹಟ. ದಸರೆಯ ದಿನ ಗರಡಿಯ ಉಸ್ತಾದರು ಮನೆಗೇ ಬಂದು ಕಟ್ಟಳೆ ಹೇಳಿಹೋದರು.

"ನೋಡವ್ವಾ, ಬಿಳೀದು ಮೈಗೆ, ಹಳದಿ ತಲಿಗೆ. ಹಳದಿ ಬಾಳ ಉಷ್ಣ ಐತಿ. ದಿನಕ್ಕ ಎರಡು ಹಾಕ್ರಿ, ಸಾಕು. ಎಲ್ಲಾ ಹಸೀದ ಕುಡೀಬೇಕು. ಕುದಿಸಿದ್ರ ಸತ್ವ ಸತ್ತು ಹೋಗತೈತಿ. ರೊಟ್ಟಿ ಒಂದರ ಮ್ಯಾಲ ಕೊಡಬ್ಯಾಡ್ರಿ, ಮೈ ಭಾರ ಆಗತೈತಿ."

ಅವ್ವ ತಲೆಯಾಡಿಸಿದಳು. ಕೆಲಸ ಬಿದ್ದಿದ್ದು ನನಗೆ. ನನಗೆ ಆಗ ಹದಿಮೂರು. ದಿನಾ ಬೆಳಗ್ಗೆ ಮೊಟ್ಟೆ ಒಡೆದು, ಹಳದಿಯನ್ನು ಚಿಪ್ಪಿಂದ ಚಿಪ್ಪಿಗೆ ಹೊರಳಿಸಿ, ಬಿಳಿಯನ್ನೆಲ್ಲ ಕಂಚಿನ ಬಟ್ಟಲಿಗೆ ಬಿಡಬೇಕು. ಎರಡು ಹಳದಿ ಬಟ್ಟಲಿಗೆ. ಉಳಿದದ್ದು ಸ್ಟೇಷನ್ ಹತ್ತಿರದ ಬ್ರೆಡ್ಡಿನವನಿಗೆ ಹೋಗುತ್ತಿತ್ತು, ಅವನು ಒಂದು ಕಮ್ಮಿಯಾದರೂ ಬಂದು ಕೇಳುವ ಆಸಾಮಿ.

ಈಗ ಹೇಳಿಬಿಡುತ್ತೇನೆ. ಆ ಎರಡು ಹಳದಿಯನ್ನು ನಾನು ಬಟ್ಟಲಿಗೆ ಹಾಕಲಿಲ್ಲ. ಮೊದಲ ವಾರ ಹಾಕಿದೆ. ಆಮೇಲೆ ಒಂದು ದಿನ ಒಲೆಯ ಮೇಲೆ ಹಂಚು ಕಾದಿತ್ತು, ಉಪ್ಪು ಕೈಗೆ ಸಿಗುವಂತಿತ್ತು. ಎಂಥಾ ರುಚಿ ಅಂತೀರಿ! ನಾಲಿಗೆ ಒಮ್ಮೆ ಕಂಡಿದ್ದನ್ನು ಬಿಡುತ್ತದೆಯೇ? ಅಣ್ಣ ಬಿಳಿಯನ್ನು ಕಣ್ಣುಮುಚ್ಚಿ ಗಟಗಟ ಕುಡಿದು ಬಟ್ಟಲು ಕುಕ್ಕಿ ಹೋಗುತ್ತಿದ್ದ, ಒಳಗೆ ಹಳದಿ ಇತ್ತೋ ಇಲ್ಲವೋ ಅವನಿಗೇನು ಗೊತ್ತು ಅಂತ ನನ್ನ ಧೈರ್ಯ. ಅವನು ಹೋದ ಮೇಲೆ ಅದೇ ಬಟ್ಟಲಿಗೆ ಹುರಿದ ಹಳದಿ ಹಾಕಿಕೊಂಡು, ತೊಳೆಯುವ ನೆಪದಲ್ಲಿ ಹಿತ್ತಲಿಗೆ ಹೋಗಿ ತಿನ್ನುತ್ತಿದ್ದೆ. ಮೂರು ತಿಂಗಳು ಹೀಗೆ ನಡೆಯಿತು. ನನ್ನ ಜಡೆ ದಪ್ಪವಾಯಿತು, ಕೆನ್ನೆ ತುಂಬಿತು. ಓಣಿಯ ಹೆಂಗಸರು "ಏನವ್ವಾ ನಿನ್ನ ಮಗಳು, ಹೀರೇಕಾಯಿ ಬಳ್ಳಿ ಹಬ್ಬಿದಂಗ ಹಬ್ಬಾಕತ್ತ್ಯಾಳ" ಅನ್ನುತ್ತಿದ್ದರು.

ಪುಷ್ಯ ಮಾಸದ ಚಳಿಯಲ್ಲಿ ಅಣ್ಣನ ತುಟಿಯ ಅಂಚು ಬಿರಿಯಿತು. ಚಳಿಗೆ ಅಂದುಕೊಂಡು ಅವ್ವ ಬೆಣ್ಣೆ ಹಚ್ಚಿದಳು. ಆಮೇಲೆ ಮೂಗಿನ ಪಕ್ಕ, ಕಣ್ಣಿನ ಸುತ್ತ ಕೆಂಪಗಾಗಿ ಸಿಪ್ಪೆ ಏಳತೊಡಗಿತು. ಗರಡಿಯಿಂದ ಬಂದವನು ಗೋಡೆಗೆ ಒರಗಿ ಕೂತುಬಿಡುತ್ತಿದ್ದ, ಕೈಕಾಲು ಸೆಳೀತೈತಿ ಅನ್ನುತ್ತಿದ್ದ. ಒಂದು ರೊಟ್ಟಿಯೂ ಸೇರದಾಯಿತು. ಉಸ್ತಾದರು "ಮೈ ಸೋತೈತಿ, ಇನ್ನಾ ಐದು ಹೆಚ್ಚಿಗಿ ಹಾಕು" ಅಂದರು. ನಾನು ಹೆಚ್ಚಿಗೆ ಒಡೆದೆ.

ಒಂದು ಬೆಳಗ್ಗೆ ಮುಖ ತೊಳೆದು ಅವನು ಪಂಚೆಯಿಂದ ಒರೆಸಿಕೊಂಡ. ಪಂಚೆಯ ಮೇಲೆ ಕೂದಲು. ನೋಡಿದರೆ ಎಡಗಡೆಯ ಹುಬ್ಬು ಅರ್ಧ ಇಲ್ಲ.

ಅವ್ವನ ಕೈಯಲ್ಲಿದ್ದ ಚೆಂಬು ಬಿತ್ತು. ಹುಬ್ಬು ಉದುರಿದರೆ ಅದು ದೊಡ್ಡರೋಗ, ಕುಷ್ಠ, ಅಂತ ನಮ್ಮೂರಲ್ಲಿ ಸಣ್ಣ ಮಕ್ಕಳಿಗೂ ಗೊತ್ತಿತ್ತು. ಕೋಟೆ ಬೆಟ್ಟದ ಬುಡದಲ್ಲಿ ಒಂದು ಗುಡಿಸಲಿತ್ತು. ಅದರಲ್ಲಿದ್ದವನು ಒಂದು ಕಾಲಕ್ಕೆ ನಮ್ಮ ಪಕ್ಕದ ಓಣಿಯ ನೇಕಾರ. ಅವನ ಹೆಂಡತಿ ದಿನಕ್ಕೊಮ್ಮೆ ಒಂದು ಬಂಡೆಯ ಮೇಲೆ ರೊಟ್ಟಿ ಇಟ್ಟು, ದೂರ ಬಂದು ನಿಂತು, ಅವನು ತೆಗೆದುಕೊಂಡನಾ ಅಂತ ನೋಡಿ ವಾಪಸಾಗುತ್ತಿದ್ದಳು. ಈಗ ಅದಕ್ಕೆ ಮಾತ್ರೆ ಇದೆ, ವಾಸಿಯಾಗುತ್ತದೆ, ಮುಟ್ಟಿದರೆ ಏನೂ ಆಗುವುದಿಲ್ಲ ಅಂತ ನಾನೇ ಎಷ್ಟೋ ತರಗತಿಗಳಲ್ಲಿ ಹೇಳಿದ್ದೇನೆ. ಆಗ ಏನಿತ್ತು? ಆ ಬಂಡೆ ಇತ್ತು. ನನ್ನ ಕಣ್ಣಿಗೆ ಆವತ್ತಿಂದ ಅವ್ವ ರೊಟ್ಟಿ ಹಿಡಿದುಕೊಂಡು ಬೆಟ್ಟದ ಕಡೆ ಹೋಗುವುದೇ ಕಾಣತೊಡಗಿತು.

"ಊರಿಗೆ ತಿಳಿಯೋಕ ಮುಂಚೆ ಮಡಕಶಿರಕ್ಕ ಕರಕೊಂಡು ಹೋಗು," ಅಂದ ಅಪ್ಪ ಅವ್ವನಿಗೆ. ಮೊಟ್ಟೆ ಬುಟ್ಟಿಗೆ ಬೆನ್ನು ಮಾಡಿ ನಿಂತಿದ್ದ. "ನಮ್ಮಕ್ಕಗ ಮುಚ್ಚಿಡೂದು ಬ್ಯಾಡ. ಚೆನ್ನಿ ಬಾಳಿನ ಮಾತು. ಆಕಿ ಏನಂತಾಳೋ ಅನ್ನಲಿ."

ಅಣ್ಣ ಅಂಗಳದಲ್ಲಿ ನನ್ನನ್ನೇ ದಿಟ್ಟಿಸುತ್ತಿದ್ದ. ಆಗಿನಿಂದ ದಿನಾ ಹಾಗೇ. ಎದ್ದ ಕೂಡಲೇ ನನ್ನ ಮುಖ ನೋಡುತ್ತಿದ್ದ, ಕಣ್ಣು ಕೀಳದೆ. ನಾನು ಹತ್ತಿರ ಹೋದರೆ "ದೂರ ಸರಿ! ಬರಬ್ಯಾಡ ಅಂದ್ರ ಬರಬ್ಯಾಡ!" ಅಂತ ಗದರುತ್ತಿದ್ದ. ಮೊದಲೆಲ್ಲ ಹೆಗಲ ಮೇಲೆ ಕೂರಿಸಿಕೊಂಡು ಓಣಿ ಸುತ್ತಿಸಿದವನು. ಅವನಿಗೆ ಗೊತ್ತಾಗಿದೆ, ಅವನ ಪಾಲಿನ ಹಳದಿ ಕದ್ದು ಅವನಿಗೆ ಈ ಗತಿ ತಂದವಳು ನಾನೇ ಅಂತ ಗೊತ್ತಾಗಿಬಿಟ್ಟಿದೆ ಅಂದುಕೊಂಡೆ. ಅವನ ಸತ್ವ ತಿಂದೇ ನನ್ನ ಜಡೆ ಬೆಳೆದಿದ್ದು. ಅವ್ವನಿಗೆ ಹೇಳಬೇಕು ಅಂತ ಎಷ್ಟು ಸಲ ಬಾಯಿ ತೆರೆದೆನೋ. ಪ್ರತಿ ಸಲವೂ ನೀರು ತರುವ ನೆಪ ಹೇಳಿ ಹಿತ್ತಲಿಗೆ ಓಡುತ್ತಿದ್ದೆ.

ಆಗ ಪೆಟ್ರೋಲು ಸಿಗದೆ ಬಸ್ಸುಗಳೆಲ್ಲ ಇದ್ದಿಲಿನ ಹೊಗೆಯಲ್ಲಿ ಓಡುತ್ತಿದ್ದವು, ಓಡುತ್ತಿದ್ದವು ಅನ್ನುವುದೂ ದೊಡ್ಡ ಮಾತು. ಅಣ್ಣನ ಮುಖಕ್ಕೆ ಅವ್ವ ಧೋತರ ಸುತ್ತಿ ಕಣ್ಣು ಮಾತ್ರ ಬಿಟ್ಟಿದ್ದಳು. ಕಲ್ಯಾಣದುರ್ಗದಲ್ಲಿ ನಾವು ಮೂವರೂ ಬಸ್ಸು ಬದಲಾಯಿಸಿದೆವು. ಪಕ್ಕದಲ್ಲಿ ಕೂಸು ಎತ್ತಿಕೊಂಡ ಹೆಂಗಸೊಬ್ಬಳು ಬಂದು ಕೂತು, "ಏಮೈಂದಮ್ಮಾ ಪಿಲ್ಲಾಡಿಕಿ?" ಅಂತ ತೆಲುಗಿನಲ್ಲಿ ಕೇಳಿದಳು, ಹುಡುಗನಿಗೆ ಏನಾಯಿತು ಅಂತ.

"ಪಂಟಿ ನೊಪ್ಪಿ," ಅಂದಳು ಅವ್ವ. ಹಲ್ಲು ನೋವು. ಸುಳ್ಳು ಹೇಳಿ ಅಭ್ಯಾಸವಿಲ್ಲದವಳು, ಧ್ವನಿ ಅಷ್ಟಕ್ಕೇ ಒಡೆಯಿತು.

ಒಂದು ದಿಬ್ಬ ಬಂತು. ಬಸ್ಸು ಏರಲಾರೆ ಅಂತ ನಿಂತಿತು. ಗಂಡಸರೆಲ್ಲ ಇಳಿದು ತಳ್ಳಬೇಕು ಅಂತ ಕಂಡಕ್ಟರು ಕೂಗಿದ. ಅಣ್ಣನ ಹೆಗಲು ನೋಡಿ, "ಏ ಪೈಲ್ವಾನಾ, ನೀ ಒಬ್ನ ಸಾಕು ಬಾರೋ!" ಅಂತ ನಕ್ಕ. ಅಣ್ಣ ಇಳಿದ. ಕಿಟಕಿಯಿಂದ ನೋಡುತ್ತಿದ್ದೆ. ಕಣದಲ್ಲಿ ಜೋಳದ ಚೀಲ ಎರಡೆರಡು ಎತ್ತುತ್ತಿದ್ದವನು ಬಸ್ಸಿಗೆ ಕೈಕೊಟ್ಟು, ಎರಡು ಹೆಜ್ಜೆಗೆ ಮಂಡಿ ಮಡಚಿ ಕೂತ. ಧೋತರ ಜಾರಿತು. ಪಕ್ಕದ ಹೆಂಗಸು ಕಿಟಕಿಯಿಂದ ಅವನ ಮುಖ ನೋಡಿದಳು, ನನ್ನ ಮುಖ ನೋಡಿದಳು. ಕೂಸನ್ನು ಸೆರಗಿನೊಳಗೆ ಸೇರಿಸಿಕೊಂಡು, ಎದ್ದು, ಹಿಂದಿನ ಸೀಟಿಗೆ ಹೋಗಿ ಕೂತಳು. ಮಡಕಶಿರ ಬರುವವರೆಗೆ ಅವಳು ಎಲ್ಲಿ ಬಾಯಿಬಿಡುತ್ತಾಳೋ, ಎಲ್ಲಿ ನಮ್ಮನ್ನು ನಡುದಾರಿಯಲ್ಲಿ ಇಳಿಸುತ್ತಾರೋ ಅಂತ ನಾನು ಅವ್ವನ ಸೀರೆ ಹಿಂಡಿ ಹಿಡಿದಿದ್ದೆ. ಆ ಪುಣ್ಯಾತ್ಗಿತ್ತಿ ಬಾಯಿ ಬಿಡಲಿಲ್ಲ. ಇವತ್ತಿಗೂ ಅವಳನ್ನು ನೆನೆಯುತ್ತೇನೆ.

ಅತ್ತೆಯ ಮನೆ ಮಡಕಶಿರದ ಬೆಟ್ಟದ ಮಗ್ಗುಲಿಗೆ. ಅತ್ತೆ ಬಾಗಿಲಲ್ಲೇ ಧೋತರ ಬಿಚ್ಚಿಸಿ, ಎರಡು ಕೈಯಲ್ಲೂ ಅವನ ಮುಖ ಹಿಡಿದು ಬೆಳಕಿಗೆ ತಿರುಗಿಸಿದಳು. ಒಳಗಿನಿಂದ ಚೆನ್ನಿ ಇಣುಕಿದ್ದು ಕಂಡಿತು. ಅವಳಿಗೆ ಹದಿನಾರು.

"ಮುಚ್ಚಿಡ್ದೆ ಕರ್ಕೊಂಡು ಬಂದ್ಯಲ್ಲ, ಒಳ್ಳೇದಾಯ್ತು," ಅಂದಳು ಅತ್ತೆ ಅವ್ವನಿಗೆ. "ಯುಗಾದಿ ಗಂಟ ಇಲ್ಲೇ ಇರ್ಲಿ. ಹುಬ್ಬು ಬಂದ್ರೆ ನನ್ನ ಅಳಿಯ. ಬರ್ದಿದ್ರೆ ನಾನೇ ನಿಂತು ಈ ಮದುವೆ ಮುರೀತೀನಿ. ಬೇಜಾರು ಮಾಡ್ಕಂಬ್ಯಾಡ. ನಾನೂ ಹೆತ್ತವ್ಳು."

ಕೊಟ್ಟಿಗೆಯ ಪಕ್ಕದ ಪಡಸಾಲೆಯಲ್ಲಿ ಅವನಿಗೆ ಬೇರೆ ಚಾಪೆ, ಬೇರೆ ತಟ್ಟೆ. ಮಾವ ಆ ವರ್ಷ ಯಾವುದೋ ಹರಕೆ ಹೊತ್ತು ಮನೆಗೆ ಮೊಟ್ಟೆ ಮಾಂಸ ತರಗೊಡುತ್ತಿರಲಿಲ್ಲ. ಹಿಂದೂಪುರದ ಸಂತೆಯಿಂದ ತಂದ ಒಣ ಬಟಾಣಿ ಒಂದು ಮೂಟೆ ಇತ್ತು. ಅತ್ತೆ ಅದನ್ನು ನೆನೆಹಾಕಿ, ಬಟ್ಟೆಯಲ್ಲಿ ಕಟ್ಟಿ, ಪಡಸಾಲೆಯ ಗೂಟಕ್ಕೆ ನೇತುಹಾಕುತ್ತಿದ್ದಳು. ಮೊಳಕೆ ಬಂದದ್ದು ಬೆಳಗ್ಗೆ ಗುಗ್ಗರಿ, ಮಧ್ಯಾಹ್ನ ಸಾರು, ಜೊತೆಗೆ ರಾಗಿ ಮುದ್ದೆ. ಅಣ್ಣ ಮಲಗಿದ ಜಾಗದಲ್ಲೆಲ್ಲ ಆ ವಾಸನೆ. ನನಗೆ ಅದು ರೋಗದ ವಾಸನೆಯೇ ಆಗಿಹೋಯಿತು.

ಅವ್ವ ಮತ್ತೆ ಅತ್ತೆ ಮಾತಾಡುವುದನ್ನು ಕೇಳಿಸಿಕೊಂಡಿದ್ದೆ. ದೊಡ್ಡರೋಗ ಆದ ಜಾಗಕ್ಕೆ ಚುಚ್ಚಿದರೆ ನೋವು ಗೊತ್ತಾಗುವುದಿಲ್ಲವಂತೆ. ಯಾರಿಗೂ ಪರೀಕ್ಷೆ ಮಾಡುವ ಧೈರ್ಯವಿಲ್ಲ. ಉತ್ತರ ಯಾರಿಗೆ ಬೇಕಾಗಿತ್ತು? ನನಗೆ ತಡೆಯಲಾಗಲಿಲ್ಲ. ಒಂದು ಮಧ್ಯಾಹ್ನ ಬೇಲಿಯಿಂದ ಜಾಲಿ ಮುಳ್ಳು ಮುರಿದುಕೊಂಡು ಬಂದೆ. ಅಣ್ಣ ಮಲಗಿದ್ದ. ಕೆನ್ನೆಯ ಮೇಲೆ ಕೆಂಪು ತೇಪೆ, ಸಿಪ್ಪೆ. ಮುಳ್ಳು ಹಿಡಿದು ಕೂತೆ. ಚುಚ್ಚಿದರೆ, ಅವನು ಅಲ್ಲಾಡದಿದ್ದರೆ? ಅವನು ಅಲ್ಲಾಡದಿದ್ದರೆ ನಾನು ಏನು ಮಾಡಬೇಕು, ಎಲ್ಲಿಗೆ ಓಡಬೇಕು? ಕೈ ಬೆವೆತು ಮುಳ್ಳು ಜಾರುತ್ತಿತ್ತು. ಕೊನೆಗೆ ಕಣ್ಣುಮುಚ್ಚಿ ಚುಚ್ಚಿಬಿಟ್ಟೆ.

"ಅಯ್ಯಯ್ಯಪ್ಪೋ! ಸತ್ನೆಪ್ಪೋ!"

ಕೊಟ್ಟಿಗೆಯ ಎಮ್ಮೆ ಬೆದರಿ ಹಗ್ಗ ಜಗ್ಗಿತು. ಅಣ್ಣ ಕೆನ್ನೆ ಹಿಡಿದು ಕೂತಿದ್ದ, ಕಣ್ಣಲ್ಲಿ ನೀರು. ನಾನು ನಗುತ್ತಿದ್ದೆ, ನಗುತ್ತಲೇ ಗೊಳೋ ಅಂತ ಅಳುತ್ತಿದ್ದೆ. "ನೋವಾತಾ ಅಣ್ಣಾ? ಖರೇನ ನೋವಾತಾ? ಬಾಳ ನೋವಾತಾ?" ಅಂತ ಕೇಳಿದೆ. ಅವನಿಗೆ ಅರ್ಥವಾಯಿತು. ಒಂದು ಗಳಿಗೆ ಅವನ ಮುಖ ಸಡಿಲಾಯಿತು. ಆಮೇಲೆ ಅದೇ ಗದರಿಕೆ: "ಮುಟ್ಟಿದೆಲ್ಲ ನನ್ನ? ಹೋಗು, ಕೈ ತೊಳಕೋ. ಬೂದಿ ಹಚ್ಚಿ ತೊಳಕೋ. ಹೋಗಲೇ!"

ಅತ್ತೆ ಕೇಳಿ ಕೆನ್ನೆ ಕೆನ್ನೆ ಬಡಿದುಕೊಂಡು ದೇವರಿಗೆ ಕೈಮುಗಿದಳು. ಆದರೂ ಗಡುವು ಗಡುವೇ, ಹುಬ್ಬು ಬರಬೇಕು ಅಂದಳು. ಮಾಘ ಕಳೆಯಿತು. ಸಿಪ್ಪೆ ಏಳುವುದು ನಿಂತಿತು. ಅಣ್ಣ ಎರಡನೇ ಮುದ್ದೆ ಕೇಳತೊಡಗಿದ. ನಾನು ದಿನಾ ದೂರದಿಂದ ಅವನ ಹುಬ್ಬು ನೋಡುತ್ತಿದ್ದೆ, ಅವನು ದಿನಾ ನನ್ನನ್ನು ದುರುಗುಟ್ಟಿ ನೋಡುತ್ತಿದ್ದ. ಯುಗಾದಿಗೆ ಎಂಟು ದಿನ ಇದೆ ಅನ್ನುವಾಗ, ಗುಗ್ಗರಿ ಇಟ್ಟುಬರಲು ಹೋದ ಚೆನ್ನಿ ತಟ್ಟೆ ಇಡದೆ ಹಾಗೇ ನಿಂತಳು.

"ಅಮ್ಮಾ, ಬಾಮ್ಮಾ ಇಲ್ಲಿ. ಹುಬ್ಬು ಬಂದೈತೆ."

ಸಣ್ಣಗೆ, ಬೆರಳಿಟ್ಟರೆ ಮಾತ್ರ ಚುಚ್ಚುವ ಹಾಗೆ. ಎಲ್ಲರೂ ಬೆರಳಿಟ್ಟು ನೋಡಿದರು. ನನ್ನನ್ನು ಮಾತ್ರ ಅವನು ಹತ್ತಿರ ಬಿಡಲಿಲ್ಲ.

ಭಯ ಅಲ್ಲಿಗೆ ಮುಗಿಯಿತು ಅಂದುಕೊಂಡರೆ ತಪ್ಪು. ನಿಜವಾದ ಭಯ ರಾಯದುರ್ಗದಲ್ಲಿ ಕಾದಿತ್ತು. ಮನೆಗೆ ಬಂದ ಮಾರನೇ ಬೆಳಗ್ಗೆ ಅಪ್ಪ ಇಪ್ಪತ್ತು ಬಿರುಕಿನ ಮೊಟ್ಟೆಯನ್ನು ನನ್ನ ಮುಂದಿಟ್ಟ. ಉಸ್ತಾದರು ಹೇಳಿ ಕಳಿಸಿದ್ದರು, ಶುರುಮಾಡು ಅಂತ. ಅದೇ ಕಂಚಿನ ಬಟ್ಟಲು. ಹಂಚು ಕಾದಿತ್ತು. ಹೇಳಲು ನಾಚಿಕೆ, ಅಷ್ಟೆಲ್ಲಾ ಆದ ಮೇಲೂ ನನ್ನ ಬಾಯಲ್ಲಿ ನೀರೂರಿತು! ಆಗ ನನಗೆ ನನ್ನ ಮೇಲೇ ಹೆದರಿಕೆ ಹುಟ್ಟಿತು. ಇವತ್ತು ಹಾಕಿದರೂ ನಾಳೆ ಕದಿಯುತ್ತೇನೆ. ನಾನು ಕದ್ದರೆ ಮತ್ತೆ ಅಣ್ಣನ ಹುಬ್ಬು ಹೋಗುತ್ತದೆ, ಮದುವೆ ಹೋಗುತ್ತದೆ, ಅವ್ವ ಬಂಡೆಯ ಮೇಲೆ ರೊಟ್ಟಿ ಇಡುತ್ತಾಳೆ. ನಾನು ಕದಿಯಲಾಗದ ಹಾಗೆ ಏನಾದರೂ ಮಾಡಬೇಕು. ಎಸರಿನ ನೀರು ಮರಳುತ್ತಿತ್ತು. ಇಪ್ಪತ್ತೂ ಮೊಟ್ಟೆಯನ್ನು ಅದರೊಳಗೆ ಬಿಟ್ಟೆ. ಇಡಿಯಾಗಿ ಬೆಂದರೆ ಬಿಳಿ ಹಳದಿ ಒಂದನ್ನೊಂದು ಬಿಡುವುದಿಲ್ಲ, ಅಣ್ಣನೇ ಬಿಡಿಸಿ ತಿನ್ನುತ್ತಾನೆ, ನನ್ನ ಕೈಗೆ ಏನೂ ಸಿಗುವುದಿಲ್ಲ. ಅಷ್ಟೇ ನನ್ನ ಲೆಕ್ಕಾಚಾರ.

ಅಣ್ಣ ಬಂದು ಪಾತ್ರೆಯೊಳಗೆ ನೋಡಿ, ಕಪಾಳಕ್ಕೆ ಒಂದು ಬಿಟ್ಟ. "ಯಾರು ಹೇಳಿದ್ರು ನಿನಗ ಕುದಿಸಾಕ?" ಅಂತ ಕೂಗಿದ. ಬ್ರೆಡ್ಡಿನವನು ಬೇರೆ ಬಂದು ಕೂಗಾಡಿದ. ನಾನು ಬಾಯಿ ಬಿಡಲಿಲ್ಲ. ಏಟು ತಿಂದು ಸಮಾಧಾನವಾಯಿತು, ಅದು ನನಗೆ ಸಲ್ಲಬೇಕಾದ್ದೇ. ಬೆಂದದ್ದನ್ನು ಚೆಲ್ಲುವ ಮನೆ ನಮ್ಮದಲ್ಲ, ಅಣ್ಣ ಗೊಣಗುತ್ತಾ ಹಳದಿ ಸಮೇತ ತಿಂದ. ಮಾರನೇ ದಿನವೂ ಬೇಯಿಸಿದೆ. ಮೂರನೇ ದಿನವೂ. ಹೊಡೆದು ಹೊಡೆದು ಅವನಿಗೇ ಬೇಸರವಾಯಿತು. ಕುಸ್ತಿಯಲ್ಲಿ ಅವನು ಎಲೆ ಅಡಿಕೆ ಹಾಕಿಕೊಳ್ಳುವಷ್ಟು ಹೊತ್ತಿನಲ್ಲಿ ಸೋತುಬಂದ. ವೈಶಾಖದಲ್ಲಿ ಬಾಸಿಂಗದ ಕೆಳಗೆ ಎರಡು ದಪ್ಪ ಹುಬ್ಬು ಇಟ್ಟುಕೊಂಡು ಚೆನ್ನಿಗೆ ತಾಳಿ ಕಟ್ಟಿದ. ನಾನು ಮಾತ್ರ ಆಮೇಲೆ ಮೊಟ್ಟೆಯ ಹಳದಿ ಬಾಯಿಗೆ ಇಟ್ಟವಳಲ್ಲ.

ಇಷ್ಟನ್ನೂ ವಾಣಿಗೆ ಹೇಳಿದೆ. ಗಂಡನಿಗೂ ಮಗಳಿಗೂ ಹೇಳದಿದ್ದುದನ್ನು, ಆ ಮೊಳಕೆಯ ಮುಂದೆ ಕೂತು ಹೇಳಿದೆ. ಅವಳು ನಗಲಿಲ್ಲ.

"ಅಜ್ಜಿ, ಬಯೋಟಿನ್ ಅಂತ ಒಂದು ವಿಟಮಿನ್ ಇದೆ," ಅಂದಳು. "ಚರ್ಮಕ್ಕೆ, ಕೂದಲಿಗೆ ಬೇಕು. ಒಣ ಬಟಾಣಿಯಲ್ಲಿ ಒಂದು ಪ್ರೋಟೀನು ಅದನ್ನ ಬಿಗಿಯಾಗಿ ಹಿಡ್ಕೊಂಡಿರುತ್ತೆ. ಮೊಳಕೆ ಬರೋವಾಗ ಆ ಪ್ರೋಟೀನು ಕರಗಿಹೋಗುತ್ತೆ. ನಾನು ನೋಡ್ತಿರೋದು ಅದನ್ನೇ. ಹಸಿ ಮೊಟ್ಟೆಯ ಬಿಳಿಯಲ್ಲೂ ಅಂಥದ್ದೇ ಒಂದು ಪ್ರೋಟೀನು ಇದೆ, ಅದು ಇನ್ನೂ ಬಿಗಿ. ಹೊಟ್ಟೆಗೆ ಹೋದರೂ ಬಿಡಲ್ಲ. ದಿನಾ ಇಪ್ಪತ್ತು ಹಸಿ ಬಿಳಿ, ಜೊತೆಗೆ ಒಂದೇ ರೊಟ್ಟಿ! ನಾನು ನೋಡಿದವಳಲ್ಲ, ಇದೇ ಅಂತ ಆಣೆ ಮಾಡಕ್ಕಾಗಲ್ಲ. ಆದರೆ ನೀನು ಹೇಳಿದ್ದು ಕೇಳಿದರೆ ಅದೇ."

"ಹಳದಿಯಲ್ಲಿ ಆ ವಿಟಮಿನ್ ಇರುತ್ತಾ?" ಅಂತ ಕೇಳಿದೆ.

"ಇರುತ್ತೆ."

ಐವತ್ತು ವರ್ಷ ಹೆದರಿದ್ದು ನಿಜವಾಯಿತು.

"ಅಯ್ಯೋ ಪೂರ್ತಿ ಕೇಳಜ್ಜಿ," ಅಂತ ಅವಳು ನನ್ನ ಕೈ ಹಿಡಿದುಕೊಂಡಳು. "ನೀನು ಆ ಎರಡು ಹಳದಿ ಹಾಕಿದ್ದರೂ ಅಷ್ಟೇ, ಇಪ್ಪತ್ತು ಬಿಳಿ ಅದನ್ನೂ ಹಿಡ್ಕೊಂಡುಬಿಡ್ತಿತ್ತು. ಬೇಯಿಸಿದರೆ ಮಾತ್ರ ಆ ಹಿಡಿತ ಹೋಗೋದು. ಮಡಕಶಿರದಲ್ಲಿ ಮೊಟ್ಟೆ ನಿಂತಿತು, ಹುಷಾರಾದರು. ವಾಪಸ್ ಬಂದ ಮೇಲೆ ನೀನು ಬೇಯಿಸಿದೆಯಲ್ಲ, ಅದಕ್ಕೇ ಉಳಿದರು."

ನನ್ನ ಮೇಲೆ ನನಗೇ ನಂಬಿಕೆ ಇಲ್ಲದೆ ಬೇಯಿಸಿದ್ದು. ಅದನ್ನು ಅಣ್ಣನಿಗೆ ಹೇಳೋಣವೆಂದರೆ ಅವನು ಹೋಗಿ ಮೂರು ವರ್ಷ. ತಡೆಯಲಾರದೆ ಮಾರನೇ ದಿನವೇ ಮಡಕಶಿರದ ಬಸ್ಸು ಹತ್ತಿದೆ. ಅತ್ತೆಯ ಮನೆಯಲ್ಲಿ ಈಗ ಚೆನ್ನಿ, ನಮ್ಮತ್ತಿಗೆ, ಇದ್ದಾಳೆ. ಅದೇ ಪಡಸಾಲೆಯಲ್ಲಿ ಕೂರಿಸಿಕೊಂಡು ಹಳದಿಯ ಕಥೆ ಹೇಳಿದೆ. ಕದ್ದೆ ಅಂದಾಗ ನನ್ನ ತಲೆ ತಾನಾಗಿ ಬಗ್ಗಿತು.

ಅವಳು ಎಲೆಗೆ ಸುಣ್ಣ ಸವರುವುದನ್ನು ನಿಲ್ಲಿಸಲಿಲ್ಲ.

"ಅದು ಅವ್ರಿಗೆ ಗೊತ್ತಿತ್ತು ಕಣೇ ಗಂಗೀ. ಮೂತಿಗೆ ಹಳದಿ ಮೆತ್ತ್ಕಂಡು ನಿಂತಿರ್ತಿದ್ಲು ಅಂತ ನಗ್ತಿದ್ರು. ಹುರಿದು ತಿನ್ನೋ ವಾಸ್ನೆ ಗರಡಿಗೇ ಬರ್ತಿತ್ತಂತೆ."

"ಅದಕ್ಕೇ ನನ್ನ ಮೇಲೆ ಆ ಸಿಟ್ಟು," ಅಂದೆ.

"ಸಿಟ್ಟು ಯಾವ್ದು?" ಚೆನ್ನಿ ತಲೆ ಎತ್ತಿದಳು. "ತಾನು ಕುಡಿದ ಬಟ್ಲಾಗೇ ನೀನು ತಿಂತಿದ್ಯಲ್ಲ, ಎಂಜ್ಲು. ತನ್ನ ರೋಗ ನಿಂಗೆಲ್ಲಿ ಹತ್ತ್ಕಂತೋ ಅಂತ ಅವ್ರಿಗೆ ಜೀವ ಹೋಗ್ತಿತ್ತು. ಅದಕ್ಕೇ ನಿನ್ನ ಹತ್ರ ಸೇರಿಸ್ತಿರ್ಲಿಲ್ಲ. ದಿನಾ ಎದ್ದ ತಕ್ಷಣ ನಿನ್ನ ಹುಬ್ಬು ನೋಡ್ತಿದ್ರಂತೆ, ಇವತ್ತೂ ಐತಾ ಅಂತ."

ನಾನು ಕೈ ಎತ್ತಿ ಹುಬ್ಬು ಮುಟ್ಟಿಕೊಂಡೆ. ನರೆತಿದೆ. ಎರಡೂ ಇವೆ.